ಹಗೇವಿನಲ್ಲಿ ಇಳಿಸಿದ ದೀಪವು

(ಧ್ಯಾನಕ್ಕೆ ಆಧಾರ: ಜ್ಞಾನೋಕ್ತಿಗಳು 20:7, 17, 27, ವಿಮೋಚನಕಾಂಡ 20:12)



ಮೇಲೆ ಸೂಚಿಸಿದ ಜ್ಞಾನೋಕ್ತಿಗಳ ಇಪ್ಪತ್ತನೆಯ ಅಧ್ಯಾಯವನ್ನು ನೀವು ಮೊದಲು ನಿಮ್ಮ ನಿಮ್ಮ ಮನೆಗಳಲ್ಲಿ ಓದಿ, ಅನಂತರ ಈ ಬರಹವನ್ನು ಓದಬೇಕೆಂದು ಬೇಡಿಕೊಳ್ಳುತ್ತೇನೆ. ಅಕ್ಷರ ಬಾರದ ಹಿರಿಯರಿಗೆ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಲಿ. ಈ ಒಂದು ಅಧ್ಯಾಯದಲ್ಲಿ ನಮ್ಮ ಹಳ್ಳಿಯ ಬದುಕೆಲ್ಲಾ ಅಡಗಿದೆ. ಚಳಿಯ ನೆವ ಹೇಳಿ ನೇಗಿಲು ಹೂಡದ ಸೋಮಾರಿಯು ಸುಗ್ಗಿಯ ಕಾಲದಲ್ಲಿ ಕೈಚಾಚುವದೂ, ತೂಕದ ಕಲ್ಲಿನಲ್ಲಿ ಮೋಸಮಾಡುವದೂ, ಕೊಳ್ಳುವಾಗ ಸರಕನ್ನು ಹಳಿದು ಕೊಂಡ ಮೇಲೆ ತನ್ನ ಜಾಣತನವನ್ನು ಕೊಚ್ಚಿಕೊಳ್ಳುವದೂ ಅಲ್ಲಿ ಹೇಳಲ್ಪಟ್ಟಿವೆ. ಇವು ಯೂದಾಯ ದೇಶದ ಹಳೆಯ ಸಂಗತಿಗಳಷ್ಟೇ ಅಲ್ಲ. ಹುಬ್ಬಳ್ಳಿಯ ಪೇಟೆಗೆ ಹೋಗಿ ಬರುವ ಯಾವನಾದರೂ ಇವುಗಳನ್ನು ಕಣ್ಣಾರೆ ಕಂಡಿದ್ದಾನೆ.

ಆದರೆ ಈ ದಿನ ನಾವು ಆ ಅಧ್ಯಾಯದ ಮೂರು ಮಾತುಗಳನ್ನು ಮಾತ್ರ ವಿಚಾರಿಸೋಣ. ಯಥಾರ್ಥವಾಗಿ ನಡೆಯುವ ತಂದೆಯ ಆಶೀರ್ವಾದವು ಅವನ ತರುವಾಯ ಮಕ್ಕಳ ಮೇಲೆ ಉಳಿಯುತ್ತದೆಂಬದು ಮೊದಲನೆಯದು. ಸುಳ್ಳಿನಿಂದ ದೊರಕಿದ ರೊಟ್ಟಿಯು ತಿನ್ನುವಾಗ ರುಚಿ, ಆಮೇಲೆ ಬಾಯಿತುಂಬಾ ಹರಳು ಎಂಬದು ಎರಡನೆಯದು. ಮನುಷ್ಯನ ಒಳಗಿನ ಆತ್ಮವು ದೇವರು ಹಚ್ಚಿದ ದೀಪವಾಗಿದ್ದು ಹೃದಯದ ಕತ್ತಲೆಯ ಮೂಲೆಗಳನ್ನೆಲ್ಲಾ ಶೋಧಿಸುತ್ತದೆಂಬದು ಮೂರನೆಯದು. ಈ ಮೂರನ್ನೂ ನಾನು ಮೊದಲು ಕಲಿತದ್ದು ದೈವಜ್ಞಾನ ಶಾಲೆಯಲ್ಲಿ ಅಲ್ಲ, ನನ್ನ ತಂದೆಯವರ ಮನೆಯಲ್ಲಿ. ಆದದರಿಂದ ಕರ್ತನಲ್ಲಿ ನಿದ್ರೆಹೋಗಿರುವ ಅವರ ಜ್ಞಾಪಕವನ್ನು ನಿಮ್ಮ ಮುಂದೆ ಇಡುತ್ತೇನೆ. ಮನುಷ್ಯನನ್ನು ಹೊಗಳುವದು ನನ್ನ ಉದ್ದೇಶವಲ್ಲ. ದೇವರ ಕೃಪೆಯು ಎರೆಹೊಲದ ಒಬ್ಬ ಒಕ್ಕಲಿಗನಲ್ಲಿ ಹೇಗೆ ಕೆಲಸಮಾಡಿತೆಂಬದನ್ನು ಹೇಳುವದೇ ಉದ್ದೇಶ.

ನಮ್ಮ ಊರು ಹುಬ್ಬಳ್ಳಿ ತಾಲೂಕಿನ ಸುಳ್ಳ. ಈ ಹೆಸರನ್ನು ಕೇಳಿದ ಪರಸ್ಥಳದವರು ನಗದೆ ಬಿಡುವದಿಲ್ಲ. ತಂದೆಯವರು ಎಲ್ಲಿಗೆ ಹೋದರೂ, "ಯಾವ ಊರು?" ಎಂದು ಕೇಳಿದವರಿಗೆ "ಸುಳ್ಳ" ಎಂದು ಹೇಳಿ, ಅವರು ನಗುವದಕ್ಕೆ ಮೊದಲೇ ತಾವು ನಕ್ಕು, "ಊರು ಮಾತ್ರ ಸುಳ್ಳ, ನಾನು ಹೇಳಿದ್ದು ಖರೆ" ಎನ್ನುವರು. ಮನೆಯಲ್ಲಿ ನಮಗೆ ಮಾತ್ರ ಅವರು ಬೇರೆ ರೀತಿಯಲ್ಲಿ ಹೇಳುತ್ತಿದ್ದರು: "ಬೇರೆ ಊರಿನವನು ಒಂದು ಸುಳ್ಳು ಹೇಳಿದರೆ ಒಂದೇ ಸುಳ್ಳು. ನಮ್ಮೂರಿನವನು ಹೇಳಿದರೆ ಊರಿನ ಹೆಸರೂ ಸಾಕ್ಷಿ ನುಡಿಯುತ್ತದೆ. ಅದಕ್ಕೋಸ್ಕರ ನಾವು ಇಮ್ಮಡಿ ಎಚ್ಚರಿಕೆಯಿಂದ ಇರಬೇಕು."

ನಮ್ಮ ಮನೆತನಕ್ಕೆ ಸುವಾರ್ತೆಯು ಬಂದ ಬಗೆಯನ್ನೂ ಹೇಳಬೇಕು. ಬಾಸೆಲ್ ಮಿಶನಿನ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೆಲಸ ಪ್ರಾರಂಭಿಸಿದರು. ಅದಕ್ಕಿಂತ ಮುಂಚೆಯೇ, 1831ರಲ್ಲಿ, ಬಳ್ಳಾರಿಯಲ್ಲಿ ಹ್ಯಾಂಡ್ಸ್ ಅಯ್ಯನವರ ಪ್ರಯಾಸದಿಂದ ಸತ್ಯವೇದವೆಲ್ಲಾ ಕನ್ನಡದಲ್ಲಿ ಅಚ್ಚಾಗಿತ್ತು. ನಮ್ಮ ಭಾಷೆಯ ದೊಡ್ಡ ನಿಘಂಟನ್ನು 1894ರಲ್ಲಿ ಪ್ರಕಟಿಸಿದ ಕಿಟ್ಟೆಲ್ ಅಯ್ಯನವರೂ 1853ರಲ್ಲಿ ಈ ದೇಶಕ್ಕೆ ಬಂದವರಾಗಿ ನಮ್ಮ ಸೀಮೆಯಲ್ಲಿ ವಾಸಿಸಿ ಜನರ ಬಾಯಿಂದ ಮಾತುಗಳನ್ನು ಕೂಡಿಸಿದರು. ಇಷ್ಟು ಬಿತ್ತನೆಯಾದರೂ ನಮ್ಮ ಮನೆತನದ ನೆಲವು ಬಹುಕಾಲ ಗಟ್ಟಿಯಾಗಿಯೇ ಇತ್ತು. 1876ರಿಂದ 1878ರ ವರೆಗೆ ದೊಡ್ಡ ಬರಗಾಲ ಬಿದ್ದಾಗ, ತಂದೆಯವರ ಮುತ್ತಜ್ಜನು ಹಸಿದು ಬೋಧಕರ ಬಾಗಲಿಗೆ ಹೋದನಂತೆ. ಅಲ್ಲಿ ಹೊಟ್ಟೆಗೆ ರೊಟ್ಟಿಯೂ ಕಿವಿಗೆ ಸುವಾರ್ತೆಯೂ ದೊರೆತವು.

ಈ ಕಾರಣದಿಂದ ನಮ್ಮನ್ನು "ರೊಟ್ಟಿಗಾಗಿ ಮತ ಬಿಟ್ಟವರು" ಎಂದು ಹಂಗಿಸುವವರಿದ್ದರು. ಇಂಥ ಮಾತನ್ನು ಕೇಳದ ಕ್ರೈಸ್ತ ಮನೆ ಹಳ್ಳಿಗಳಲ್ಲಿ ವಿರಳ. ನಿಮ್ಮಲ್ಲಿ ಅನೇಕರು ಅದನ್ನು ಕೇಳಿ ಅತ್ತಿದ್ದೀರಿ, ಕೆಲವರು ಜಗಳಾಡಿದ್ದೀರಿ. ನನ್ನ ತಂದೆಯವರು ಅಳಲೂ ಇಲ್ಲ, ಜಗಳಾಡಲೂ ಇಲ್ಲ. ಒಮ್ಮೆ ಕಟ್ಟೆಯ ಮೇಲೆ ಕೂತಿದ್ದವನೊಬ್ಬನು ಹಾಗೆ ಹಂಗಿಸಿದಾಗ ಅವರು ಅವನ ಪಕ್ಕದಲ್ಲಿಯೇ ಕೂತು, "ಖರೆ ಅಣ್ಣಾ, ನಮ್ಮ ಮುತ್ತಜ್ಜ ರೊಟ್ಟಿಗಾಗಿಯೇ ಹೋದ. ಆ ರೊಟ್ಟಿ ಅಂದೇ ತೀರಿತು. ಆದರೆ ನೋಡು, ಇಷ್ಟು ತಲೆಮಾರು ಕಳೆದರೂ ನಾವು ಪಂಕ್ತಿಯಿಂದ ಎದ್ದಿಲ್ಲ. ಬಡಿಸುವವನು ಅಷ್ಟು ಒಳ್ಳೆಯವನು" ಅಂದರು. ಆ ಮನುಷ್ಯನು ನಕ್ಕನು. ಮುಂದೆ ಅವನೇ ನಮ್ಮ ಮನೆಯ ಕ್ರಿಸ್ತ ಜಯಂತಿಗೆ ತಪ್ಪದೆ ಬರುವವನಾದನು.

ಪ್ರಿಯರೇ, ದೇವಭಕ್ತಿ ಎಂದರೆ ಮೋರೆ ಗಂಟಿಕ್ಕುವದು ಎಂದು ನೆನಸುವವರು ನಮ್ಮಲ್ಲಿ ಇದ್ದಾರೆ. ದೇವರು ಅಬ್ರಹಾಮನಿಗೂ ಸಾರಳಿಗೂ ಮುದಿಪ್ರಾಯದಲ್ಲಿ ಕೊಟ್ಟ ವಾಗ್ದಾನದ ಮಗನ ಹೆಸರು ಇಸಾಕ. ಆ ಹೆಸರಿನ ಅರ್ಥ ನಗುವಿಗೆ ಸೇರಿದ್ದು. ದೇವರ ಜನರ ಮನೆಯಲ್ಲಿ ನಗುವು ಅಂದಿನಿಂದಲೂ ಇದೆ. ಆದರೆ ಅದಕ್ಕೆ ಒಂದು ಅಳತೆ ಉಂಟು. ನಮ್ಮ ಮಾತು ಉಪ್ಪಿನಿಂದ ರುಚಿಗೊಂಡಿರಬೇಕೆಂದು ಅಪೊಸ್ತಲನಾದ ಪೌಲನು ಕೊಲೊಸ್ಸೆಯ ಸಭೆಗೆ ಬರೆದನಷ್ಟೆ. ತಂದೆಯವರು ಅದನ್ನು ಹೀಗೆ ವಿವರಿಸುತ್ತಿದ್ದರು: "ಉಪ್ಪು ಅಡಿಗೆಗೆ ಹಾಕುವದು, ಗಾಯಕ್ಕೆ ಅಲ್ಲ." ಅವರು ತಮ್ಮನ್ನು ಕುರಿತು ನಗುವರು, ಕಷ್ಟವನ್ನು ಕುರಿತು ನಗುವರು, ಬಡವನನ್ನಾಗಲಿ ಅಂಗಹೀನನನ್ನಾಗಲಿ ಮತ್ತೊಬ್ಬರ ದೇವರನ್ನಾಗಲಿ ಕುರಿತು ಅವರು ನಕ್ಕದ್ದನ್ನು ನಾನು ಕಾಣೆ.

ಜ್ಞಾನೋಕ್ತಿಗಳ ಗ್ರಂಥದಲ್ಲಿ 31 ಅಧ್ಯಾಯಗಳಿವೆ. ತಂದೆಯವರು ದಿನಕ್ಕೊಂದರಂತೆ, ತಾರೀಖು ಎಷ್ಟೋ ಅಷ್ಟನೆಯ ಅಧ್ಯಾಯವನ್ನು ರಾತ್ರಿಯ ಪ್ರಾರ್ಥನೆಯಲ್ಲಿ ಓದಿಸುತ್ತಿದ್ದರು. ಮೂವತ್ತೇ ದಿನಗಳಿರುವ ತಿಂಗಳಲ್ಲಿ ಗುಣವತಿಯಾದ ಹೆಂಡತಿಯನ್ನು ಹೊಗಳುವ ಕಡೆಯ ಅಧ್ಯಾಯವು ಓದದೆ ಉಳಿಯುತ್ತಿತ್ತು. ಆಗ ಅವರು ನಮ್ಮ ತಾಯಿಯ ಕಡೆಗೆ ತಿರುಗಿ, "ಏನು ಮಾಡಲಿ, ಈ ತಿಂಗಳು ನಿನ್ನನ್ನು ಹೊಗಳಲಿಕ್ಕೆ ದಿನ ಸಾಲಲಿಲ್ಲ" ಎನ್ನುವರು. ತಾಯಿಯವರು, "ಇದ್ದ ತಿಂಗಳಲ್ಲಿ ಹೊಗಳಿದ್ದು ನನಗೆ ನೆನಪಿಲ್ಲ" ಎನ್ನುವರು. ಹೀಗೆ ನಗುತ್ತಾ ಮೊಣಕಾಲೂರುತ್ತಿದ್ದೆವು. ನಮಗೆ ಪ್ರಾರ್ಥನೆಯೆಂದರೆ ಬೇಸರವೆಂಬದು ತಿಳಿಯದೆ ಹೋದದ್ದಕ್ಕೆ ಇದೇ ಕಾರಣ. ತಂದೆಗಳಾದವರೇ, ನಿಮ್ಮ ಮನೆಯ ಪ್ರಾರ್ಥನೆಯು ಮಕ್ಕಳಿಗೆ ಶಿಕ್ಷೆಯಂತೆ ತೋರುತ್ತದೋ, ಊಟದಂತೆ ತೋರುತ್ತದೋ? ಇದನ್ನು ವಿಚಾರಿಸಿಕೊಳ್ಳಿರಿ.

ಇನ್ನು ಅವರ ಯಥಾರ್ಥತೆಯ ಒಂದು ಸಂಗತಿ. ನಾನು ಹುಡುಗನಾಗಿದ್ದಾಗ ಒಂದು ವರುಷ ಹತ್ತಿಯ ಬೆಳೆಯು ತೆಳುವಾಗಿತ್ತು. ಕೆಲವರು ಅಂಡಿಗೆಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುವದನ್ನು ನಾನು ನೋಡಿದ್ದೆನು. ತಂದೆಯವರಿಗೆ ಸಹಾಯ ಮಾಡಬೇಕೆಂದು ಎಣಿಸಿ, ನಾನು ರಾತ್ರಿಯಲ್ಲಿ ಎದ್ದು ಒಂದು ಕೊಡ ನೀರನ್ನು ನಮ್ಮ ಹತ್ತಿಯ ಮೇಲೆ ಚಿಮುಕಿಸಿದೆನು. ಬೆಳಿಗ್ಗೆ ಚಕ್ಕಡಿ ಹೂಡುವಾಗ ಅವರು ಅಂಡಿಗೆಯೊಳಗೆ ಕೈಯಿಟ್ಟರು. ಏನೂ ಮಾತಾಡದೆ ಎತ್ತುಗಳನ್ನು ಬಿಚ್ಚಿದರು. ಅಂಗಳದಲ್ಲಿ ಹಾಸಿಗೆ ಹಾಸಿ ಹತ್ತಿಯನ್ನೆಲ್ಲಾ ಸುರಿದು ನನ್ನ ಕೈಯಿಂದಲೇ ಹರವಿಸಿದರು. ಹತ್ತಿ ಒಣಗುವ ತನಕ ನನ್ನೊಂದಿಗೆ ತಾವೂ ಬಿಸಿಲಿನಲ್ಲಿ ಕೂತರು. ಕಡೆಗೆ ನನ್ನ ತಲೆಯ ಮೇಲೆ ಕೈಯಿಟ್ಟು, "ತಮ್ಮಾ, ದೀಕ್ಷಾಸ್ನಾನವನ್ನು ಕರ್ತನು ಮನುಷ್ಯರಿಗೆ ಆಜ್ಞಾಪಿಸಿದನು, ಹತ್ತಿಗೆ ಅಲ್ಲ" ಅಂದರು. ಮರುದಿನ ಪೇಟೆಯಲ್ಲಿ ಧಾರಣೆಯು ಇಳಿದಿತ್ತು. ಆ ನಷ್ಟವನ್ನು ಕುರಿತು ಅವರು ಎಂದಿಗೂ ನನಗೆ ಎತ್ತಿ ಆಡಲಿಲ್ಲ.

2009ನೆಯ ಇಸವಿಯ ಮಹಾಪೂರವು ನಿಮ್ಮಲ್ಲಿ ಅನೇಕರಿಗೆ ನೆನಪಿದೆ. ಸಪ್ಟಂಬರದ ಕಡೆಯಲ್ಲಿಯೂ ಅಕ್ಟೋಬರದ ಮೊದಲಿನಲ್ಲಿಯೂ ಉತ್ತರ ಕರ್ನಾಟಕದಲ್ಲೆಲ್ಲಾ ಮಳೆಯು ಎಡೆಬಿಡದೆ ಸುರಿದು ಹಳ್ಳಗಳೂ ಹೊಳೆಗಳೂ ದಡಮೀರಿದವು. ಬೆಣ್ಣೆಹಳ್ಳವು ಹೆಸರಿಗೆ ಬೆಣ್ಣೆ. ಉಕ್ಕಿದಾಗ ಅದರ ಗುಣವನ್ನು ಅದರ ಸಾಲಿನ ಹೊಲದವರು ಬಲ್ಲರು. ನಮ್ಮ ಉಳ್ಳಾಗಡ್ಡಿಯೂ ಮೆಣಸಿನಕಾಯಿಯೂ ಹತ್ತಿಯೂ ಹೋದವು. ನೀರು ಇಳಿದ ಮೇಲೆ ತಂದೆಯವರು ಸಾಲಮಾಡಿ ಕಡಲೆಯನ್ನು ಬಿತ್ತಿದರು. ಆ ವರುಷದ ಸುಗ್ಗಿಯ ಸ್ತೋತ್ರಾರಾಧನೆಗೆ ಅವರು ಹಿಂದಿನ ವರುಷಗಳಂತೆ ಚೀಲವನ್ನು ತರಲಾರದೆ ಚಿಕ್ಕ ಗಂಟೊಂದರಲ್ಲಿ ಕಡಲೆಯನ್ನು ತಂದು ವೇದಿಯ ಮುಂದಿಟ್ಟು ಹೀಗೆ ಪ್ರಾರ್ಥಿಸಿದರು: "ಕರ್ತನೇ, ಹಳ್ಳ ಒಯ್ದದ್ದು ನನ್ನ ಪಾಲು ಎಂದು ಎಣಿಸಿದ್ದೇನೆ. ಉಳಿದದ್ದರಲ್ಲಿ ನಿನ್ನ ಪಾಲು ಇದು. ಲೆಕ್ಕ ತಪ್ಪಿದ್ದರೆ ತಿದ್ದು." ಪ್ರಾಯಶಃ ನಾವು ತಿರುಗಿಸಿ ಲೆಕ್ಕಮಾಡುತ್ತೇವೆ, ಹೋದದ್ದೆಲ್ಲಾ ದೇವರ ಪಾಲು, ಉಳಿದದ್ದೆಲ್ಲಾ ನಮ್ಮದು.

ಇಷ್ಟು ಕೇಳಿದ ನೀವು, "ಇಂಥವನಿಗೆ ಮಗನಾದವನು ಎಷ್ಟು ಒಳ್ಳೆಯವನಾಗಿರಬೇಕು!" ಎಂದು ನೆನಸಬಹುದು. ಆದದರಿಂದ ಈಗ ನನ್ನ ಪಾಪವನ್ನು ಅರಿಕೆಮಾಡುತ್ತೇನೆ. ಅದಕ್ಕೆ ಮೊದಲು ಹಗೇವಿನ ವಿಷಯವನ್ನು ಹೇಳಬೇಕು, ಯಾಕಂದರೆ ಈಗಿನ ಮಕ್ಕಳು ಅದನ್ನು ಕಂಡಿಲ್ಲ.

ನಮ್ಮ ಎರೆಸೀಮೆಯಲ್ಲಿ ಹಿಂದಿನವರು ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಬಾಯಿ ಇಕ್ಕಟ್ಟಾಗಿಯೂ ಹೊಟ್ಟೆ ಅಗಲವಾಗಿಯೂ ಇರುವಂತೆ ಆಳವಾದ ಕುಣಿಯನ್ನು ತೋಡಿ, ತಳಕ್ಕೂ ಗೋಡೆಗೂ ಕಣಿಕೆಯನ್ನೂ ಹುಲ್ಲನ್ನೂ ಹೊಂದಿಸಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವರು. ನೀರು ತಾಕದಿದ್ದರೆ ಕಾಳು ವರುಷಗಟ್ಟಲೆ ಕೆಡುವದಿಲ್ಲ. ಆದರೆ ಬಹುದಿನ ಮುಚ್ಚಿದ ಹಗೇವಿನಲ್ಲಿ ಒಳ್ಳೆಯ ಗಾಳಿ ತೀರಿ ಕೆಟ್ಟ ಗಾಳಿ ನಿಲ್ಲುತ್ತದೆ. ಬಾಯಿ ತೆಗೆದ ಕೂಡಲೆ ಇಳಿದವನು ಉಸಿರುಕಟ್ಟಿ ಬೀಳುವನು. ಅವನನ್ನು ಎತ್ತಲು ಇಳಿದವನೂ ಬೀಳುವನು. ಹೀಗೆ ಜೀವ ಕಳಕೊಂಡವರುಂಟು. ಅದಕ್ಕೋಸ್ಕರ ತಿಳಿದವರು ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಹಗ್ಗದ ತುದಿಗೆ ಹಚ್ಚಿದ ಕಂದೀಲನ್ನು ಕಟ್ಟಿ ಇಳಿಸುವರು. ಕಂದೀಲು ನಂದಿದರೆ ಇಳಿಯಬಾರದು. ಉರಿಯುತ್ತಿದ್ದರೆ ಮನುಷ್ಯನು ಇಳಿಯಬಹುದು.

ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಮುಂದೆ ಇಂಥದೊಂದು ಹಗೇವು ಇನ್ನೂ ಉಪಯೋಗದಲ್ಲಿತ್ತು. ತಂದೆಯವರು ಅದನ್ನು ತೆಗೆಯುವಾಗಲೆಲ್ಲಾ ನನ್ನ ಕೈಗೆ ಹಗ್ಗ ಕೊಟ್ಟು, "ಅವಸರಮಾಡಬೇಡ. ದೀಪ ಮೊದಲು, ಮನುಷ್ಯ ಆಮೇಲೆ" ಅನ್ನುತ್ತಿದ್ದರು. ಕಂದೀಲು ಇಳಿಯುವ ಹೊತ್ತಿನಲ್ಲಿ ಅವರ ಮುಖದಲ್ಲಿ ನಗು ಇರುತ್ತಿರಲಿಲ್ಲ. ಅದರ ಕಾರಣವನ್ನು ನಾನು ಬಹುಕಾಲದ ಮೇಲೆ ತಿಳಿದೆನು.

ಮುಂದೆ ಸಭೆಯವರ ಸಹಾಯದಿಂದ ನಾನು ಸಮುದ್ರತೀರದ ಪಟ್ಟಣವೊಂದರ ದೈವಜ್ಞಾನ ಶಾಲೆಗೆ ಹೋದೆನು. ಅಲ್ಲಿ ನನ್ನ ಜತೆಯವರಲ್ಲಿ ಕಲಿತವರ ಮಕ್ಕಳೂ ಉದ್ಯೋಗಸ್ಥರ ಮಕ್ಕಳೂ ಇದ್ದರು. ನಾನು ನನ್ನ ಮಾತಿನ ರೀತಿಯನ್ನು ಬದಲಾಯಿಸಿದೆನು, ಉಡುಪನ್ನು ಬದಲಾಯಿಸಿದೆನು, ಊರು ಯಾವದೆಂದು ಕೇಳಿದರೆ ಹುಬ್ಬಳ್ಳಿ ಎಂದು ಹೇಳತೊಡಗಿದೆನು. ಒಂದು ದಿನ ಮಧ್ಯಾಹ್ನ, ಮುಂದಾಗಿ ತಿಳಿಸದೆ, ತಂದೆಯವರು ಬಂದರು. ತಲೆಗೆ ಪಟಗ, ಮೊಣಕಾಲಿನ ವರೆಗೆ ಧೋತರ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕಟಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು ಬಂದಿದ್ದರು. ನಾನು ನಾಲ್ವರು ಸ್ನೇಹಿತರ ಸಂಗಡ ನಿಂತಿದ್ದೆನು. ಅವರಲ್ಲೊಬ್ಬನು, "ಇವರು ಯಾರು?" ಎಂದು ಕೇಳಿದನು. ನಾನು, "ನಮ್ಮೂರಿನವರು" ಅಂದೆನು.

ತಂದೆಯವರು ಕೇಳಿದರು. ಅವರು ನನ್ನನ್ನು ಒಂದು ಕ್ಷಣ ನೋಡಿ, ಆ ಹುಡುಗರಿಗೆ ಕೈಮುಗಿದು, "ಹೌದ್ರಿ, ನಾ ಇವರ ಊರಾಂವ. ಇವರನ್ನ ಸಣ್ಣಾವರಿದ್ದಾಗಿಂದ ಬಲ್ಲೆ" ಅಂದರು. ಹುಡುಗರು ನಕ್ಕರು, ರೊಟ್ಟಿಯನ್ನು ಹಂಚಿಕೊಂಡು ತಿಂದರು. ಸಂಜೆಯ ಬಸ್ಸಿಗೆ ತಂದೆಯವರು ತಿರುಗಿ ಹೋದರು. ಆ ಚಟ್ನಿಯ ರುಚಿ ನನಗೆ ತಿಳಿಯಲಿಲ್ಲ. ಬಾಯಲ್ಲಿ ಹರಳು ಕಡಿದಂತಾಯಿತು.

ನಾನು ಎರಡು ಆಜ್ಞೆಗಳನ್ನು ಒಂದೇ ಮಾತಿನಲ್ಲಿ ಮುರಿದಿದ್ದೆನು: ತಂದೆಯನ್ನು ಸನ್ಮಾನಿಸಲಿಲ್ಲ, ಸತ್ಯವನ್ನೂ ನುಡಿಯಲಿಲ್ಲ. ವಿಚಿತ್ರವೇನಂದರೆ, ನಾನು ಹೇಳಿದ ಮಾತಿನಲ್ಲಿ ಸುಳ್ಳು ಇರಲಿಲ್ಲ, ಅವರು ನಮ್ಮೂರಿನವರೇ. ಸೈತಾನನು ನಮಗೆ ಯಾವಾಗಲೂ ಪೂರ್ತಿ ಸುಳ್ಳನ್ನು ಕಲಿಸುವದಿಲ್ಲ. ಅರ್ಧ ಸತ್ಯವನ್ನು ಹೇಳಿಸಿ ಉಳಿದರ್ಧವನ್ನು ನುಂಗಿಸುತ್ತಾನೆ.

ಏಳು ವರುಷ ನಾನು ಈ ಪಾಪವನ್ನು ಮುಚ್ಚಿಟ್ಟೆನು. ಉಪದೇಶಿಯಾದೆನು, ಅನೇಕರಿಗೆ ಪಶ್ಚಾತ್ತಾಪವನ್ನು ಸಾರಿದೆನು. ತಂದೆಯವರು ಒಂದು ದಿನವೂ ಆ ಮಾತನ್ನು ತೆಗೆಯಲಿಲ್ಲ. ಒಂದು ಸಾರಿ ಶ್ರಮಕಾಲದಲ್ಲಿ, ಅವರೂ ಕೂತಿದ್ದ ಸಭೆಯಲ್ಲಿ, ಪೇತ್ರನು ಕರ್ತನನ್ನು ಅರಿಯೆನೆಂದು ಹೇಳಿದ್ದನ್ನೂ, ಕೋಳಿ ಕೂಗಿದಾಗ ಕರ್ತನು ತಿರುಗಿಕೊಂಡು ಅವನನ್ನು ನೋಡಿದ್ದನ್ನೂ ಕುರಿತು ಪ್ರಸಂಗಿಸಿದೆನು. ರಾತ್ರಿ ಊಟವಾದ ಮೇಲೆ ಇಬ್ಬರೇ ಪಡಸಾಲೆಯಲ್ಲಿ ಕೂತಿದ್ದಾಗ ಅವರು ಮೆಲ್ಲಗೆ, "ತಮ್ಮಾ, ಇವತ್ತು ಕೋಳಿಯ ಕೂಗನ್ನು ಕೇಳಿದವನ ಹಾಗೆ ಹೇಳಿದಿ" ಅಂದರು.

ನಾನು ಅವರ ಕಾಲು ಹಿಡಿದು ಅತ್ತೆನು. ಏಳು ವರುಷದ್ದನ್ನು ಒಂದೇ ಉಸಿರಿನಲ್ಲಿ ಅರಿಕೆಮಾಡಿದೆನು. ಅವರು ನನ್ನನ್ನು ಎತ್ತಿ, "ಅದನ್ನು ನಾನು ಅಂದೇ ಕ್ಷಮಿಸಿದೆ. ಬಸ್ಸು ಅರಬೈಲ ಘಟ್ಟ ಹತ್ತುವಾಗ ಸ್ವಲ್ಪ ಕಷ್ಟವಾಯಿತು, ಯಲ್ಲಾಪುರದಲ್ಲಿ ಚಹಾ ಕುಡಿಯುವ ಹೊತ್ತಿಗೆ ತೀರಿಹೋಗಿತ್ತು" ಅಂದರು. "ಹಾಗಾದರೆ ಯಾಕೆ ನನಗೆ ಹೇಳಲಿಲ್ಲ ಅಪ್ಪಾ?" ಎಂದು ಕೇಳಿದೆನು. ಅವರು, "ಹಗೇವು ನಿನ್ನದು, ಬಾಯಿಯ ಕಲ್ಲನ್ನು ನೀನೇ ತೆಗೆಯಬೇಕಾಗಿತ್ತು. ನಾನು ಕಂದೀಲು ಹಿಡಿದು ಮೇಲೆ ಕೂತಿದ್ದೆ" ಅಂದರು.

ಆ ರಾತ್ರಿಯೇ ಅವರು ತಮ್ಮ ಹಗೇವಿನ ಕಥೆಯನ್ನೂ ನನಗೆ ಹೇಳಿದರು. 1972ರ ಬರಗಾಲದಲ್ಲಿ ನಮ್ಮ ದೊಡ್ಡಪ್ಪನವರು, ಅಂದರೆ ಅವರ ಒಡಹುಟ್ಟಿದ ಅಣ್ಣನವರು, ಮಕ್ಕಳಿಗಾಗಿ ಜೋಳ ಕೇಳಲು ಬಂದರಂತೆ. ತಂದೆಯವರು ಆಗ ಯೌವನಸ್ಥರು, ಹೊಸದಾಗಿ ಸಂಸಾರ ಹೂಡಿದವರು. ಮುಂದಿನ ವರುಷವೂ ಮಳೆ ಬಾರದಿದ್ದರೆ ಏನು ಗತಿ ಎಂಬ ಭಯದಿಂದ, "ಹಗೇವು ಬರಿದಾಗಿದೆ ಅಣ್ಣಾ" ಎಂದು ಹೇಳಿದರು. ಅದು ಬರಿದಾಗಿರಲಿಲ್ಲ. ದೊಡ್ಡಪ್ಪನವರು ಮಾತಾಡದೆ ತಿರುಗಿ ಹೋಗಿ, ಹೆಂಡತಿ ಮಕ್ಕಳನ್ನು ಕರಕೊಂಡು ಕೂಲಿಗಾಗಿ ಗೋವೆಯ ಕಡೆಗೆ ಹೋದರು. ಕೆಲವು ತಿಂಗಳ ಮೇಲೆ ತಂದೆಯವರು ಹಗೇವಿನ ಬಾಯಿ ತೆಗೆದು ದೀಪ ಇಳಿಸಿದರು, ದೀಪ ನಂದಿತು. ಮತ್ತೆ ಗಾಳಿಯಾಡಲು ಬಿಟ್ಟು ಇಳಿಸಿದರು. ಆಗ ಬೆಳಕಿನಲ್ಲಿ ಕಂಡದ್ದೇನು? ಎಲ್ಲಿಂದಲೋ ತೇವ ಇಳಿದು ಕಾಳೆಲ್ಲಾ ಕಪ್ಪಾಗಿ ಹೆಂಟೆಗಟ್ಟಿತ್ತು. ದನಕ್ಕೂ ಬಾರದಾಗಿತ್ತು.

"ಆ ದಿನ ಹಗೇವಿನಲ್ಲಿ ನನ್ನ ಮೋರೆಯನ್ನೇ ಕಂಡೆ" ಎಂದು ತಂದೆಯವರು ಹೇಳಿದರು. ಎರಡು ವರುಷಗಳ ಮೇಲೆ ದೊಡ್ಡಪ್ಪನವರು ಊರಿಗೆ ಬಂದಾಗ ಅವರ ಹೊಸ್ತಿಲಿಗೆ ಹೋಗಿ, ನಡೆದದ್ದನ್ನೆಲ್ಲಾ ಹೇಳಿ ಕ್ಷಮೆ ಬೇಡಿದರು. ದೊಡ್ಡಪ್ಪನವರೂ ಅದೇ ತಾಯಿಯ ಮಗನಷ್ಟೆ. ಅವರು ಬಹಳ ಹೊತ್ತು ಸುಮ್ಮನೆ ಕೂತು, "ಕಡೆಗೆ ನನಗೂ ಸಿಕ್ಕಲಿಲ್ಲ, ನಿನಗೂ ಸಿಕ್ಕಲಿಲ್ಲ; ಪಾಲು ಸಮವಾಯಿತು. ಒಳಗೆ ಬಾ, ಉಣ್ಣು" ಅಂದರಂತೆ. ಕ್ಷಮೆಯು ದೊರೆಯಿತು. ಆದರೆ ಆ ಎರಡು ವರುಷಗಳಲ್ಲಿ ದೊಡ್ಡಪ್ಪನವರ ಮಕ್ಕಳ ಓದು ಮುರಿದುಹೋಗಿತ್ತು. ಅದು ತಿರಿಗಿ ಕೂಡಲಿಲ್ಲ. ಪ್ರತಿ ವರುಷ ಶಾಲೆ ತೆರೆಯುವ ಕಾಲದಲ್ಲಿ ತಂದೆಯವರು ನಮ್ಮ ಪುಸ್ತಕಗಳಿಗಿಂತ ಮೊದಲು ದೊಡ್ಡಪ್ಪನವರ ಮೊಮ್ಮಕ್ಕಳ ಪುಸ್ತಕಗಳನ್ನು ಕೊಳ್ಳುತ್ತಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಜಕ್ಕಾಯನು ಕರ್ತನನ್ನು ಮನೆಗೆ ಸೇರಿಸಿಕೊಂಡ ದಿನವೇ ತಾನು ಅನ್ಯಾಯವಾಗಿ ತಕ್ಕೊಂಡದ್ದನ್ನು ತಿರಿಗಿ ಕೊಡುತ್ತೇನೆಂದು ಹೇಳಿದನು. ಕ್ಷಮೆಯನ್ನು ಹೊಂದಿದವನು ಸಾಲ ತೀರಿತೆಂದು ಕಾಲುಚಾಚಿ ಮಲಗುವದಿಲ್ಲ; ಪ್ರೀತಿಯ ಸಾಲವನ್ನು ತೀರಿಸಲು ಏಳುತ್ತಾನೆ.

ಪ್ರಿಯರೇ, ಯಥಾರ್ಥನಾದ ತಂದೆ ಎಂದರೆ ಎಂದಿಗೂ ತಪ್ಪದವನು ಎಂದು ತಿಳಿಯಬೇಡಿರಿ. ಅಂಥವನು ಭೂಮಿಯಲ್ಲಿ ಇಲ್ಲ. ಅದೇ ಅಧ್ಯಾಯದ ಒಂಭತ್ತನೆಯ ವಚನವು ತನ್ನ ಹೃದಯವನ್ನು ತಾನೇ ಶುದ್ಧಮಾಡಿಕೊಂಡವನು ಯಾರಿದ್ದಾನೆಂದು ನಮ್ಮನ್ನು ಕೇಳುತ್ತದೆ. ತನ್ನ ಹಗೇವಿನಲ್ಲಿ ದೇವರ ದೀಪ ಇಳಿಯಗೊಡುವವನೇ ಯಥಾರ್ಥನು. ತಂದೆಯವರು ಹತ್ತಿಯನ್ನು ಒಣಗಿಸಿದ್ದೂ, ನನ್ನನ್ನು ಯಲ್ಲಾಪುರದೊಳಗಾಗಿ ಕ್ಷಮಿಸಿದ್ದೂ ತಮ್ಮ ಒಳ್ಳೆಯತನದಿಂದ ಅಲ್ಲ; ತಾವು ಕ್ಷಮಿಸಲ್ಪಟ್ಟವರೆಂಬ ಜ್ಞಾಪಕದಿಂದ.

ಈಗ ಮೂರು ಬಗೆಯವರಿಗೆ ಮೂರು ಮಾತುಗಳನ್ನು ಹೇಳಿ ಮುಗಿಸುತ್ತೇನೆ.

ಒಂದನೆಯದಾಗಿ, ತಂದೆಗಳಾದವರಿಗೆ. ಮಕ್ಕಳಿಗೆ ಕೋಪವೆಬ್ಬಿಸದೆ ಕರ್ತನ ಶಿಕ್ಷಣದಲ್ಲಿ ಸಾಕಬೇಕೆಂಬದು ಎಫೆಸದ ಪತ್ರಿಕೆಯ ಬೋಧನೆ. ಮಗನು ತಪ್ಪಿದಾಗ ನೀವು ಬಯ್ಯುವದಕ್ಕೆ ಮೊದಲು ದೀಪ ಇಳಿಸಿರಿ. ನಿಮ್ಮ ತಪ್ಪನ್ನು ಮಕ್ಕಳ ಮುಂದೆ ಒಪ್ಪಿಕೊಳ್ಳಲು ನಾಚಬೇಡಿರಿ. ನನ್ನ ತಂದೆಯವರ ಅನೇಕ ಬುದ್ಧಿಮಾತುಗಳನ್ನು ನಾನು ಮರೆತಿದ್ದೇನೆ, ಆದರೆ ಅವರು ತಮ್ಮ ಪಾಪವನ್ನು ನನಗೆ ಹೇಳಿದ ಆ ಒಂದು ರಾತ್ರಿಯನ್ನು ಮರೆಯಲಾರೆನು.

ಎರಡನೆಯದಾಗಿ, ಮಕ್ಕಳಾದವರಿಗೆ. ನೀವು ಓದಿ ಹುಬ್ಬಳ್ಳಿಗೋ ಬೆಂಗಳೂರಿಗೋ ಪರದೇಶಕ್ಕೋ ಹೋಗಿರಬಹುದು. ನಿಮ್ಮ ಓದಿನ ಹಣದಲ್ಲಿ ಎರೆಮಣ್ಣು ಅಂಟಿಕೊಂಡಿದೆ. ನಾಲ್ವರ ಮುಂದೆ ಪಟಗದ ತಂದೆಯನ್ನೂ ಇಳಕಲ್ಲ ಸೀರೆಯ ತಾಯಿಯನ್ನೂ "ನಮ್ಮ ಅಪ್ಪ, ನಮ್ಮ ಅವ್ವ" ಎಂದು ಹೇಳಿರಿ. ಸತ್ತ ಮೇಲೆ ಗೋರಿಗೆ ಕಲ್ಲು ಕಟ್ಟಿಸುವದಕ್ಕಿಂತ ಬದುಕಿರುವಾಗ ಈ ಒಂದು ಮಾತು ಹೆಚ್ಚಿನ ಸನ್ಮಾನ. ಮಾಡಿದ ತಪ್ಪನ್ನು ಅರಿಕೆಮಾಡಲು ಏಳು ವರುಷ ಕಾಯಬೇಡಿರಿ; ಎಲ್ಲರ ತಂದೆಯೂ ಏಳು ವರುಷ ಬದುಕಿರುವದಿಲ್ಲ.

ಮೂರನೆಯದಾಗಿ, ತಂದೆಯ ಒಳ್ಳೆಯ ಜ್ಞಾಪಕವಿಲ್ಲದವರಿಗೆ. ನಿಮ್ಮಲ್ಲಿ ಕೆಲವರ ತಂದೆಗಳು ಕುಡಿದು ಬಡಿದವರು. ಕೆಲವರನ್ನು ಕ್ರಿಸ್ತನ ಹೆಸರಿನ ನಿಮಿತ್ತ ತಂದೆಗಳೇ ಹೊಸ್ತಿಲಿನಿಂದ ಹೊರಡಿಸಿದರು. ಇಂಥ ಬರಹವನ್ನು ಓದುವಾಗ ನಿಮ್ಮ ಎದೆ ನೋಯುತ್ತದೆಂದು ಬಲ್ಲೆನು. ನಿಮಗೆ ನಾನು ಹೇಳುವದೇನಂದರೆ: ನನ್ನ ತಂದೆಯವರಲ್ಲಿ ನಾನು ಕಂಡ ಒಳ್ಳೆಯದು ಅವರದಾಗಿರಲಿಲ್ಲ, ಪರಲೋಕದ ತಂದೆಯದಾಗಿತ್ತು. ಆ ಬುಗ್ಗೆಯು ನಿಮಗೂ ತೆರೆದಿದೆ. ನಿಮ್ಮ ಮನೆತನದಲ್ಲಿ ನೀವೇ ಮೊದಲನೆಯ ಒಳ್ಳೆಯ ತಂದೆಯೂ ಮೊದಲನೆಯ ಒಳ್ಳೆಯ ತಾಯಿಯೂ ಆಗಬಹುದು. ನಮ್ಮ ಮುತ್ತಜ್ಜನ ಹಾಗೆ ಯಾವನಾದರೊಬ್ಬನು ಮೊದಲು ಪಂಕ್ತಿಯಲ್ಲಿ ಕೂಡಬೇಕಷ್ಟೆ.

ತಂದೆಯವರ ಕಡೆಯ ಬೇನೆಯಲ್ಲಿ ನಾನು ಅವರ ಹಾಸಿಗೆಯ ಬಳಿ ಇದ್ದೆನು. ಆಸ್ಪತ್ರೆಯ ದಾದಿಯೊಬ್ಬಳು ಬಂದು ನನ್ನನ್ನು ತೋರಿಸಿ, "ಅಜ್ಜಾ, ಇವರು ಯಾರು?" ಎಂದು ಕೇಳಿದಳು. ಅವರ ಕಣ್ಣುಗಳಲ್ಲಿ ಹಳೆಯ ನಗುವು ಮೂಡಿತು. "ನಮ್ಮೂರಾಂವ" ಅಂದರು. ಆಮೇಲೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದು, "ನನ್ನ ಮಗ" ಅಂದರು. ಆ ಮೇಲೆ ಅವರು ಬಹಳ ಮಾತಾಡಲಿಲ್ಲ.

ಇಬ್ರಿಯರ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಕರ್ತನಾದ ಯೇಸುವು ನಮ್ಮನ್ನು ಸಹೋದರರೆಂದು ಕರೆಯಲು ನಾಚಿಕೊಳ್ಳುವದಿಲ್ಲವೆಂದು ಬರೆದಿದೆ. ನಾವು ಎಷ್ಟು ಸಾರಿ ಜನರ ಮುಂದೆ ಆತನನ್ನು ಅರಿಯದವರಂತೆ ನಿಂತಿದ್ದೇವೆ! ಆದರೂ ಮಹಾದಿನದಲ್ಲಿ, ದೂತರೆಲ್ಲರೂ ನೋಡುತ್ತಿರುವಾಗ, ಮಣ್ಣು ಅಂಟಿದ ನಮ್ಮ ಕೈಗಳನ್ನು ಹಿಡಿದು ಆತನು ನಮ್ಮನ್ನು ತನ್ನವರೆಂದು ಒಪ್ಪಿಕೊಳ್ಳುವನು. ಆತನ ಗಾಯಗಳ ನಿಮಿತ್ತ ನಮಗೆ ಈ ನಿರೀಕ್ಷೆ ಇದೆ. ಹಾಗಾದರೆ ಈ ದಿನವೇ ಹಗೇವಿನ ಕಲ್ಲನ್ನು ಸರಿಸೋಣ.

ಪ್ರಾರ್ಥಿಸೋಣ. ಪರಲೋಕದಲ್ಲಿರುವ ನಮ್ಮ ತಂದೆಯೇ, ನಮಗೆ ಮುಂಚೆ ನಡೆದ ತಂದೆತಾಯಿಗಳಿಗಾಗಿ ನಿನಗೆ ಸ್ತೋತ್ರಮಾಡುತ್ತೇವೆ. ನಮ್ಮಲ್ಲಿ ಮುಚ್ಚಿಟ್ಟಿರುವದನ್ನು ನಿನ್ನ ದೀಪದಿಂದ ಶೋಧಿಸು, ಕೆಟ್ಟದ್ದನ್ನು ಹೊರಹಾಕು. ತಂದೆಗಳಿಗೂ ಮಕ್ಕಳಿಗೂ ಒಬ್ಬರನ್ನೊಬ್ಬರು ಕ್ಷಮಿಸುವ ಮನಸ್ಸನ್ನು ಕೊಡು. ನಮ್ಮ ಮನೆಗಳಲ್ಲಿ ಸತ್ಯವೂ ನಗುವೂ ಒಟ್ಟಿಗೆ ವಾಸಮಾಡಲಿ. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮುಖಾಂತರ ಬೇಡುತ್ತೇವೆ. ಆಮೆನ್.